ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಡಿ ಡ್ರೈವ್‌ನ ಎನ್‌ಕ್ರಿಪ್ಟೆಡ್ ಫೈಲ್‌ಗಳ ಗತಿ?

ಪ್ರಶ್ನೆ: ವಿಂಡೋಸ್ 10 ಪ್ರೊ. ಡಿ ಡ್ರೈವ್‌ನ ಒಂದು ಫೋಲ್ಡರ್‌ಗೆ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್‌ನಲ್ಲಿ ಎನ್‌ಕ್ರಿಪ್ಟ್ ಟಿಕ್ ಹಾಕಿದೆ. ಸಿ ಮಾತ್ರ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಪ್ರೊ ಹಾಕಬೇಕು. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಫೈಲ್‌ಗಳು ತೆರೆಯುತ್ತವೆಯೇ?

ಉತ್ತರ 1: ತೆರೆಯುವುದಿಲ್ಲ. ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಬೇಡಿ. ಇದು ಇಎಫ್‌ಎಸ್, ಅಂದರೆ ವಿಂಡೋಸ್‌ನದೇ ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್. ಫೈಲ್ ಡಿಯಲ್ಲಿದ್ದರೂ ಅದರ ಕೀ ಇರುವುದು ಸಿಯಲ್ಲಿ, ನಿಮ್ಮ ಯೂಸರ್ ಪ್ರೊಫೈಲ್ ಒಳಗೆ. ಹೆಸರು ಒಂದೇ ಆದರೂ ಹೊಸ ಖಾತೆಗೆ ಹಳೆಯ ಕೀ ಬರುವುದಿಲ್ಲ. ಓನರ್‌ಶಿಪ್ ತೆಗೆದುಕೊಂಡರೆ ಬದಲಾಗುವುದು ಪರ್ಮಿಷನ್ ಮಾತ್ರ, ಎನ್‌ಕ್ರಿಪ್ಷನ್ ಹಾಗೇ ಇರುತ್ತದೆ.

ಆ ಕೀಯನ್ನು ಸರ್ಟಿಫಿಕೇಟ್ ಜೊತೆ ತೆಗೆದಿಡಲು, ಕೀಬೋರ್ಡ್‌ನ ವಿಂಡೋಸ್ ಕೀ ಜೊತೆ ಆರ್ ಒತ್ತಿ "ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ" ಓಡಿಸಿ. ಪರ್ಸನಲ್, ಅದರೊಳಗೆ ಸರ್ಟಿಫಿಕೇಟ್ಸ್. ಇಂಟೆಂಡೆಡ್ ಪರ್ಪಸಸ್ ಕಾಲಂನಲ್ಲಿ "ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್" ಎಂದಿರುವುದರ ಮೇಲೆ ರೈಟ್ ಕ್ಲಿಕ್, ಆಲ್ ಟಾಸ್ಕ್ಸ್, ಎಕ್ಸ್‌ಪೋರ್ಟ್. "ಯೆಸ್, ಎಕ್ಸ್‌ಪೋರ್ಟ್ ದ ಪ್ರೈವೇಟ್ ಕೀ" ಆರಿಸಲೇಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಮೊದಲೇ ಆಯ್ಕೆಯಾಗಿರುವ "ನೋ" ಬಿಟ್ಟರೆ ಸಿಗುವ ಸಿಇಆರ್ ಫೈಲ್‌ನಿಂದ ಏನನ್ನೂ ತೆರೆಯಲಾಗದು. ಬೇಕಿರುವುದು ಪ್ರೈವೇಟ್ ಕೀಯೂ ಇರುವ ಪಿಎಫ್‌ಎಕ್ಸ್ ಫೈಲ್. ಪಾಸ್‌ವರ್ಡ್ ಹಾಕಿ, ಎರಡು ಪೆನ್‌ಡ್ರೈವ್‌ಗಳಲ್ಲಿಡಿ. ಹೊಸ ವಿಂಡೋಸ್‌ನಲ್ಲಿ ಅದನ್ನೇ ಇಂಪೋರ್ಟ್ ಮಾಡಬೇಕು.

ಉತ್ತರ 2: ಸರ್ಟಿಫಿಕೇಟ್ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ. ಯಾವ ಫೈಲ್‌ಗೆ ಯಾವುದು ಎಂದು ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ "ಸೈಫರ್ /ಸಿ" ಮುಂದೆ ಫೈಲ್ ಹೆಸರು ಕೊಡಿ, ಸರ್ಟಿಫಿಕೇಟ್‌ನ ಥಂಬ್‌ಪ್ರಿಂಟ್ (ಗುರುತಿನ ಕೋಡ್) ಕಾಣುತ್ತದೆ. ಫಾರ್ಮ್ಯಾಟ್‌ಗೆ ಮುಂಚೆ ಇದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಖಾತೆ ಮಾಡಿ, ಪಿಎಫ್‌ಎಕ್ಸ್ ಇಂಪೋರ್ಟ್ ಮಾಡಿ, ಫೋಲ್ಡರ್‌ಗೆ ಆ ಖಾತೆಯ ಪರ್ಮಿಷನ್ ಕೊಟ್ಟು ಒಂದೆರಡು ಫೈಲ್ ತೆರೆದು ನೋಡಿ. ತೆರೆದರೆ ಮಾತ್ರ ಮುಂದುವರಿಯಿರಿ.

ಇದಕ್ಕಿಂತ ನೇರ ದಾರಿ: ಎನ್‌ಕ್ರಿಪ್ಟ್ ಟಿಕ್ ತೆಗೆದು, ಒಳಗಿನ ಫೈಲ್‌ಗಳಿಗೂ ಅನ್ವಯಿಸಿ, "ಸೈಫರ್ /ಯು /ಎನ್" ಓಡಿಸಿ. ಇನ್ನೂ ಉಳಿದ ಫೈಲ್‌ಗಳನ್ನು ಅದು ಪಟ್ಟಿ ಮಾಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಎನ್‌ಕ್ರಿಪ್ಷನ್ ತಾನಾಗಿ ಹೋಗುತ್ತದೆಂದು ನಂಬಬೇಡಿ. ವಿಂಡೋಸ್ 10ರ 1607 ಆವೃತ್ತಿಯಿಂದ ಪೆನ್‌ಡ್ರೈವ್‌ಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್ ಮೇಲೂ ಅದು ಉಳಿಯಬಲ್ಲದು.

ಇನ್ನೊಬ್ಬರ ಪ್ರಶ್ನೆ: ಪಿಎಫ್‌ಎಕ್ಸ್ ತೆಗೆದಿಡದೆ ಹೊಸ ವಿಂಡೋಸ್ ಹಾಕಿಯಾಗಿದೆ. ಫಾರ್ಮ್ಯಾಟ್ ಮಾಡಿಲ್ಲ, ಹಳೆಯ ವಿಂಡೋಸ್‌ನ ಫೈಲ್‌ಗಳಿರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಇದೆ.

ಉತ್ತರ 1: ಹಾಗಿದ್ದರೆ ಆಸೆ ಇದೆ. ಆ ಫೋಲ್ಡರ್ ಸಾಮಾನ್ಯವಾಗಿ 10 ದಿನಗಳಲ್ಲಿ ತಾನಾಗಿ ಅಳಿಯುತ್ತದೆ, ಇವತ್ತೇ ಪೂರ್ತಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಮುಖ್ಯವಾದವು ಹಳೆಯ ಯೂಸರ್ ಫೋಲ್ಡರ್‌ನ ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್ ಒಳಗಿನ ಕ್ರಿಪ್ಟೋ, ಪ್ರೊಟೆಕ್ಟ್, ಸಿಸ್ಟಮ್‌ಸರ್ಟಿಫಿಕೇಟ್ಸ್. ಇಎಫ್‌ಎಸ್ ರಿಕವರಿ ಸಾಫ್ಟ್‌ವೇರ್‌ಗೆ ಈ ಮೂರೂ ಬೇಕು, ಹಳೆಯ ಲಾಗಿನ್ ಪಾಸ್‌ವರ್ಡೂ ಬೇಕು. ಪ್ರೈವೇಟ್ ಕೀಗೆ ಕಾವಲಾಗಿರುವುದು ಆ ಪಾಸ್‌ವರ್ಡೇ. ಅದು ನೆನಪಿದೆಯೇ, ಮೊದಲು ಅದನ್ನು ಹೇಳಿ.