ಹಾರ್ಡ್‌ಟೇಲ್ ಜೋಡಿಸಲು 27.5 ಇಂಚಿನ ಗಾಲಿಯೋ, 29 ಇಂಚಿನದೋ? (ಎತ್ತರ 163 ಸೆಂ.ಮೀ.)

ಕಲ್ದಾರಿ:
ಬಿಡಿಭಾಗ ತಂದು ಕ್ರೋಮೋಲಿ ಉಕ್ಕಿನ ಹಾರ್ಡ್‌ಟೇಲ್ ಸೈಕಲ್ (ಹಿಂದೆ ಶಾಕ್ ಇಲ್ಲದ್ದು) ಒಂದನ್ನು ಜೋಡಿಸಬೇಕೆಂದಿದ್ದೇನೆ. ಎತ್ತರ 163 ಸೆಂ.ಮೀ., ಇನ್‌ಸೀಮ್ (ಕಾಲಿನ ಒಳಬದಿಯ ಉದ್ದ) 75, ತೂಕ 70 ಕೆ.ಜಿ. ಓಡಿಸುವುದು ಹೆಚ್ಚಾಗಿ ರಾಮನಗರದ ಕಡೆಯ ಬಂಡೆ ಮತ್ತು ಸಡಿಲ ಮಣ್ಣಿನಲ್ಲಿ, ಆಗಾಗ ಸಕಲೇಶಪುರದ ಕಾಫಿ ತೋಟದ ದಾರಿಗಳಲ್ಲಿ. ಫೋರ್ಕ್ 120 ಎಂಎಂ. ನೋಡಿಟ್ಟಿರುವ ಫ್ರೇಮ್ 29ರದು, ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು) ಡ್ರಾಪ್, ಅಂದರೆ ಗಾಲಿಯ ಆಕ್ಸಲ್‌ಗಿಂತ ಅದು ಕೆಳಗಿರುವುದು, 60 ಎಂಎಂ, ಹಿಂದೆ 148x12 (ಅಗಲ x ದಪ್ಪ, ಎಂಎಂ) ಆಕ್ಸಲ್. 27.5x2.8 ಟಯರ್ ಕೂಡ ಹಿಡಿಯುತ್ತದೆ ಎಂದು ಬರೆದಿದ್ದಾರೆ. ನನ್ನ ಎತ್ತರಕ್ಕೆ 29 ದೊಡ್ಡದಾಗುತ್ತದೆಯೇ? ಹಳೆಯ 26ರ ಬೈಕಿನ 135 ಎಂಎಂ ಕ್ವಿಕ್ ರಿಲೀಸ್ ಹಬ್ (ಗಾಲಿಯ ನಡುಭಾಗ) ಗಟ್ಟಿಯಾಗಿದೆ, ಅದನ್ನು ಬಳಸಬಹುದೇ? ತಿಳಿದವರು ಹೇಳಿ.

ಸ್ಪೋಕ್‌ಕೀ:
ಹಬ್ ವಿಷಯ ಮೊದಲು ಮುಗಿಸೋಣ: ಬಳಸಬೇಡಿ. 148ರ ಫ್ರೇಮಿಗೆ 135 ಕ್ವಿಕ್ ರಿಲೀಸ್ ನೇರವಾಗಿ ಕೂರುವುದಿಲ್ಲ. 12 ಎಂಎಂ ಎಂಡ್ ಕ್ಯಾಪ್ ಸಿಗುವ ಹಬ್ ಆಗಿದ್ದರೂ ಡಿಸ್ಕ್ ಬದಿಗೆ ಸ್ಪೇಸರ್ ಹಾಕಬೇಕು, ಡಿಸ್ಕ್ ರೋಟರನ್ನು ಹೊರಕ್ಕೆ ಸರಿಸಬೇಕು, ಆಮೇಲೆ ರಿಮ್ಮನ್ನು ನಡುವಿಗೆ ಎಳೆಯಬೇಕು. ಅಷ್ಟು ಶ್ರಮಕ್ಕೆ ಹೊಸ ಬೂಸ್ಟ್ (148 ಎಂಎಂ) ಹಬ್ಬೇ ಮೇಲು, ಅದರ ಫ್ಲಾಂಜ್‌ಗಳ (ಸ್ಪೋಕ್ ಸಿಕ್ಕಿಸುವ ಅಂಚುಗಳ) ನಡುವಿನ ಅಂತರ ಹೆಚ್ಚಿರುವುದರಿಂದ ದೊಡ್ಡ ಗಾಲಿ ಪಕ್ಕಕ್ಕೆ ಬಳುಕುವುದೂ ಕಡಿಮೆ.

ಇನ್ನು ಎತ್ತರ. 29ರ ಮೇಲೆ ಗಿಡ್ಡ ಸವಾರರಿಗೆ ಇದ್ದ ಅನುಮಾನ ಹಳೆಯ ಜಿಯೊಮೆಟ್ರಿಯ ಕಾಲದ್ದು. ಆಗಿನ ಸಣ್ಣ ಫ್ರೇಮ್‌ಗಳಲ್ಲಿ ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ವಾಲಿರುವ ಕೋನ) 70–71 ಡಿಗ್ರಿ, ಹ್ಯಾಂಡಲ್ ತಿರುಗಿಸಿದರೆ ಕಾಲ್ಬೆರಳು ಟಯರಿಗೆ ತಾಗುತ್ತಿತ್ತು. ಈಗ 65–67 ಡಿಗ್ರಿ ಇರುವುದರಿಂದ ಮುಂಗಾಲಿ ದೂರ ಹೋಗಿದೆ. ಸ್ವಿಸ್ ಕ್ರಾಸ್-ಕಂಟ್ರಿ ಸ್ಪರ್ಧಿ ನೀನೋ ಶುರ್ಟರ್ 2012ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ವಿಶ್ವಕಪ್ ಗೆದ್ದದ್ದು 27.5ರಲ್ಲಿ. 2016ರ ರಿಯೋ ಒಲಿಂಪಿಕ್ಸ್ ಹೊತ್ತಿಗೆ ಅವರೂ 29ಕ್ಕೆ ಬಂದಿದ್ದರು. ನೀವು ನೋಡಬೇಕಾದದ್ದು ಎರಡು: ಸ್ಟ್ಯಾಂಡ್‌ಓವರ್ (ನೆಲದಿಂದ ಫ್ರೇಮಿನ ಮೇಲಿನ ಕೊಳವೆಯ ಎತ್ತರ) 70 ಸೆಂ.ಮೀ. ಒಳಗಿರಬೇಕು, ಇನ್‌ಸೀಮ್ 75ಕ್ಕೆ 5 ಸೆಂ.ಮೀ. ಬಿಡುವು ಸಿಗುತ್ತದೆ. ಮತ್ತೆ, 29ರ ಫೋರ್ಕ್ ಉದ್ದವಾದ್ದರಿಂದ ಹ್ಯಾಂಡಲ್ ಮೇಲೇರುತ್ತದೆ. ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಕೆಳಗಿನ ಸ್ಪೇಸರ್ ತೆಗೆದು 10 ಎಂಎಂ ರೈಸ್‌ನ ಬಾರ್ ಹಾಕಿದರೆ ಸರಿಹೋಗುತ್ತದೆ.

ಮಲ್ನಾಡ್ ಪೆಡಲ್:
29 ಓಡಿಸಲಾಗುತ್ತದೆ, ಒಪ್ಪಿದೆ. ಆದರೆ ಹಾರ್ಡ್‌ಟೇಲಿನಲ್ಲಿ ಹಿಂದೆ ಶಾಕ್ ಇಲ್ಲ, ಇರುವ ಒಂದೇ ಸಸ್ಪೆನ್ಶನ್ ಟಯರ್. ಲೆಕ್ಕ ಹಾಕಿ. 29x2.4ರ ಹೊರವ್ಯಾಸ ಸುಮಾರು 740 ಎಂಎಂ, 27.5x2.8ರದು ಸುಮಾರು 720, 27.5x2.4ರದು 700 ಚಿಲ್ಲರೆ. 10 ಸೆಂ.ಮೀ. ಎತ್ತರದ ಕಲ್ಲಿನ ಮೆಟ್ಟಿಲಿಗೆ ಗಾಲಿ ತಾಗುವ ಕೋನ 740ರಲ್ಲಿ 43 ಡಿಗ್ರಿ, 700ರಲ್ಲಿ 44 ಚಿಲ್ಲರೆ. ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು ಅಷ್ಟೇ. ಆದರೆ 2.8ರ ಟಯರನ್ನು 35 ಎಂಎಂ ಒಳ ಅಗಲದ ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ಮಾಡಿ, ನಿಮ್ಮ ತೂಕಕ್ಕೆ ಹಿಂದೆ 18, ಮುಂದೆ 15–16 ಪಿಎಸ್‌ಐ ಗಾಳಿ ಒತ್ತಡ ಇಟ್ಟರೆ, ತೋಟದ ಒದ್ದೆ ಬೇರಿನ ಮೇಲೆ ಸಿಗುವ ಹಿಡಿತವೇ ಬೇರೆ.

ಸ್ಪೋಕ್‌ಕೀ:
ಬೇರಿನ ಮೇಲೆ ನಿಜ, ಬಂಡೆಯ ಮೇಲೆ ಅಲ್ಲ. 18 ಪಿಎಸ್‌ಐಯಲ್ಲಿ ತೆಳು ಕೇಸಿಂಗ್‌ನ (ಟಯರಿನ ಬಟ್ಟೆ ಪದರದ) 2.8 ಟಯರ್ ಗ್ರಾನೈಟ್ ಅಂಚಿಗೆ ಬಡಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕದ ಗೋಡೆ ಸೀಳುತ್ತದೆ. ಒತ್ತಡ ಏರಿಸಿದರೆ ಟಯರ್ ಚೆಂಡಿನ ಹಾಗೆ ಪುಟಿಯುತ್ತದೆ, ಅಗಲದ ಲಾಭ ಹೋಯಿತು. ದಪ್ಪ ಕೇಸಿಂಗ್ ಹಾಕಿದರೆ ಪ್ರತಿ ಟಯರಿನ ತೂಕ ಒಂದು ಕೆ.ಜಿ. ದಾಟುತ್ತದೆ. ಅಲ್ಲದೆ ಈಗ ತಯಾರಕರ ಗಮನವೆಲ್ಲ 29ರ ಮೇಲಿದೆ, 2.8 ಅಳತೆಯಲ್ಲಿ ಆಯ್ಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಕಲ್ದಾರಿ ಅವರ ದಾರಿಗಳಲ್ಲಿ ಬಂಡೆಯೇ ಹೆಚ್ಚು. ನನ್ನ ಸಲಹೆ: 29, ರಿಮ್ ಒಳ ಅಗಲ 30 ಎಂಎಂ, 32 ಸ್ಪೋಕ್, ಎರಡೂ ಕಡೆ 2.4. ಹಿಂದಿನದಕ್ಕೆ ಮಾತ್ರ ಗಟ್ಟಿ ಕೇಸಿಂಗ್. ಮುಂದೆ 20, ಹಿಂದೆ 24 ಪಿಎಸ್‌ಐಯಿಂದ ಶುರು ಮಾಡಿ, ಒಂದೊಂದೇ ಇಳಿಸುತ್ತ ಬನ್ನಿ. ರಿಮ್ ಕಲ್ಲಿಗೆ ತಾಗಿದ ಸದ್ದು ಕೇಳಿಸಿದರೆ ಎರಡು ಏರಿಸಿ. ಸೀಲೆಂಟ್ (ತೂತು ಮುಚ್ಚುವ ದ್ರವ) ಟಯರಿಗೆ 100–120 ಎಂಎಲ್. ನಮ್ಮ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡುತ್ತಿರಿ.

ಚೈನ್‌ಲೈನ್:
ಇಬ್ಬರೂ ಗೇರ್ ಬಿಟ್ಟಿರಿ. 32 ಹಲ್ಲಿನ ಚೈನ್‌ರಿಂಗ್, ಹಿಂದೆ 50 ಹಲ್ಲಿನ ಸ್ಪ್ರಾಕೆಟ್ ಇದ್ದಾಗ ಪೆಡಲ್ ಒಂದು ಸುತ್ತಿಗೆ 27.5x2.4 ಗಾಲಿ ಸುಮಾರು 1.41 ಮೀ. ಹೋಗುತ್ತದೆ, 29x2.4 ಗಾಲಿ 1.49 ಮೀ. ಕಡಿದಾದ ಏರಿನಲ್ಲಿ ಅದು ಮಂಡಿಗೆ ಗೊತ್ತಾಗುತ್ತದೆ. 29ಕ್ಕೆ 30 ಹಲ್ಲಿನ ರಿಂಗ್ ಹಾಕಿ, 1.40ಕ್ಕೆ ಬರುತ್ತದೆ.

ಕಲ್ದಾರಿ:
ಎಲ್ಲರಿಗೂ ಧನ್ಯವಾದ. ಮುಂದೆ 29, ಹಿಂದೆ 27.5 ಹಾಕುವುದು ಹೇಗೆ? ಇಳಿಜಾರಿನಲ್ಲಿ ಹಿಂದಿನ ಟಯರ್ ಮೈಗೆ ತಾಗುವುದಿಲ್ಲ ಎನ್ನುತ್ತಾರೆ.

ಸ್ಪೋಕ್‌ಕೀ:
ಅದಕ್ಕೆಂದೇ ಮಾಡಿದ ಫ್ರೇಮ್ ಆದರೆ ಒಳ್ಳೆಯದು. ನಿಮ್ಮದರಲ್ಲಿ ಹಿಂದೆ 27.5x2.4 ಹಾಕಿದರೆ ಹಿಂದಿನ ಆಕ್ಸಲ್ 19 ಎಂಎಂ ಇಳಿಯುತ್ತದೆ, ಬಾಟಮ್ ಬ್ರಾಕೆಟ್ ಹತ್ತಿರಹತ್ತಿರ 12 ಎಂಎಂ ಇಳಿಯುತ್ತದೆ, ಹೆಡ್ ಆಂಗಲ್ ಮತ್ತು ಸೀಟ್ ಆಂಗಲ್ ಎರಡೂ ಒಂದು ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತವೆ. 29ರಲ್ಲಿ 310 ಎಂಎಂ ಇದ್ದ ಬಾಟಮ್ ಬ್ರಾಕೆಟ್ ಎತ್ತರ 298ಕ್ಕೆ ಬರುತ್ತದೆ. ಫೋರ್ಕ್ ಕುಸಿದಾಗ ಇನ್ನೂ ಕಡಿಮೆ. ಹಾರ್ಡ್‌ಟೇಲಿನಲ್ಲಿ ಹಿಂಭಾಗ ಕುಸಿಯದೆ ಮುಂಭಾಗ ಮಾತ್ರ ಕುಸಿಯುತ್ತದೆ, ಪೆಡಲ್ ಬಂಡೆಗೆ ಬಡಿಯುವುದು ಅಲ್ಲೇ. ಏರಿನಲ್ಲಿ ಸೀಟ್ ಹಿಂದೆ ಸರಿದು ಮುಂಗಾಲಿಯೂ ಎದ್ದೇಳುತ್ತದೆ. ಮೈಗೆ ತಾಗುವ ಭಯಕ್ಕೆ ಡ್ರಾಪರ್ (ಓಡಿಸುತ್ತಲೇ ಸೀಟ್ ಇಳಿಸುವ) ಸೀಟ್‌ಪೋಸ್ಟ್ ಹಾಕಿ. 29ರಲ್ಲೂ ಕ್ರ್ಯಾಂಕ್ 165 ಎಂಎಂ ಇರಲಿ.

ಸ್ಪೋಕ್ ತರುವ ಮುನ್ನ ರಿಮ್ ಕೈಗೆ ಬರಲಿ. ಎರಡು ಸ್ಪೋಕನ್ನು ಎದುರುಬದುರು ನಿಪ್ಪಲ್‌ಗೆ ಹಾಕಿ ಇಆರ್‌ಡಿ (ನಿಪ್ಪಲ್ ನಿಲ್ಲುವ ಕಡೆ ರಿಮ್ಮಿನ ವ್ಯಾಸ) ನೀವೇ ಅಳೆಯಿರಿ, ಎಡಬಲದ ಸ್ಪೋಕ್ ಉದ್ದ ಒಂದೆರಡು ಎಂಎಂ ಬೇರೆ ಬರುತ್ತದೆ. ಜೋಡಿಸಿದ ಮೇಲೆ ಫೋರ್ಕಿನ ಗಾಳಿ ಪೂರ್ತಿ ಬಿಟ್ಟು ಕೊನೆಯವರೆಗೆ ಒತ್ತಿ, ಟಯರಿಗೂ ಫೋರ್ಕಿನ ಮೇಲಿನ ಅಡ್ಡಭಾಗವಾದ ಕ್ರೌನಿಗೂ ನಡುವೆ 6 ಎಂಎಂ ಆದರೂ ಇರಬೇಕು. ಚೈನ್‌ಸ್ಟೇ (ಪೆಡಲ್ ಅಚ್ಚಿನಿಂದ ಹಿಂಗಾಲಿಗೆ ಹೋಗುವ ಕೊಳವೆ) ಪಕ್ಕದಲ್ಲೂ ಅಷ್ಟು ಬಿಡಿ, ಸಕಲೇಶಪುರದ ಜೇಡಿ ಅದಕ್ಕಿಂತ ಸಣ್ಣ ಸಂದಿನಲ್ಲಿ ಸಿಕ್ಕಿಕೊಂಡು ಪೇಂಟ್ ಉಜ್ಜಿ ಹಾಕುತ್ತದೆ, ಕ್ರೋಮೋಲಿಗೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.