ಪಣಂಬೂರಿನಲ್ಲಿ ಓಟ, ಮಳೆಗಾಲದಲ್ಲಿ ಶಟಲ್: ಯಾವ ಹಾರ್ಟ್ ರೇಟ್ ಮಾನಿಟರ್ ತೆಗೆದುಕೊಳ್ಳುವುದು?

ಕುಳೂರು ಕಡೆಯವ:
ಪ್ರಾಯ 46. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಪಣಂಬೂರು ಬೀಚ್ ಕಡೆ ಓಟ, ಭಾನುವಾರ ಸೈಕಲ್, ಮಳೆ ಹಿಡಿದ ಮೇಲೆ ಒಳಾಂಗಣದಲ್ಲಿ ಶಟಲ್. ಕೈಯಲ್ಲಿರುವುದು ಸಾಧಾರಣ ಸ್ಮಾರ್ಟ್‌ವಾಚ್. ಮಾತಾಡಿಕೊಂಡು ಓಡುವಷ್ಟು ನಿಧಾನ ಹೋದರೂ 168, 170 ತೋರಿಸ್ತದೆ. ಶಟಲ್‌ನಲ್ಲಿ ಏದುಸಿರು ಬರುವಾಗ ಮಾತ್ರ 110ರಲ್ಲೇ ನಿಂತಿರ್ತದೆ. ಬೆಳಿಗ್ಗೆ ಏಳುವ ಮೊದಲು ಬೆರಳಿಟ್ಟು ಎಣಿಸಿದರೆ 62.
ಕೇಳುವುದು ಇಷ್ಟು. ಎದೆಗೆ ಕಟ್ಟುವ ಚೆಸ್ಟ್ ಸ್ಟ್ರಾಪ್ ಬೇಕಾ, ತೋಳಿಗೆ ಹಾಕುವ ಆರ್ಮ್‌ಬ್ಯಾಂಡ್ ಸಾಕಾ? ನಮ್ಮ ಸೆಕೆಗೆ, ಬೆವರಿಗೆ ಯಾವುದು ಬಾಳಿಕೆ ಬರ್ತದೆ? ಅತ್ತಿಗೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಹೋಗ್ತಾರೆ, ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ತಾರೆ. ಒಂದೇ ಸಾಧನ ಇಬ್ಬರಿಗೂ ಆಗ್ತದಾ?

ಎಂಡ್‌ಪಾಯಿಂಟ್ ಸೈಕಲ್:
ದುಡ್ಡು ಹಾಕುವ ಮೊದಲು ಆ 170 ಎಂತದ್ದು ಅಂತ ಗೊತ್ತು ಮಾಡಿಕೊಳ್ಳಿ. ಬಹುಶಃ ಅದು ನಿಮ್ಮ ಹೃದಯ ಬಡಿತವೇ ಅಲ್ಲ, ಹೆಜ್ಜೆಯ ಲೆಕ್ಕ. ವಾಚಿನ ಹಿಂದಿನ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ಪ್ರತಿ ಬಡಿತಕ್ಕೆ ರಕ್ತ ಹೆಚ್ಚು ಕಡಿಮೆ ಆಗುವುದನ್ನು ಅಳೆಯುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಕೈ ಕುಲುಕಿ ಅದೇ ರಕ್ತ ಅಲುಗಾಡ್ತದೆ. ನಿಮಿಷಕ್ಕೆ 160ರಿಂದ 180 ಹೆಜ್ಜೆ ಬೀಳುವಾಗ ದುರ್ಬಲ ಸೆನ್ಸರ್ ಬಡಿತ ಬಿಟ್ಟು ಹೆಜ್ಜೆಯನ್ನೇ ಹಿಡಿದು ಕೂರುತ್ತದೆ. ಇದಕ್ಕೆ ಕೇಡೆನ್ಸ್ ಲಾಕ್ ಅಂತಾರೆ.
ಪರೀಕ್ಷೆ ಸುಲಭ. 170 ತೋರಿಸುವಾಗ ಅರ್ಧ ನಿಮಿಷ ಬಲಗಾಲಿನ ಹೆಜ್ಜೆ ಮಾತ್ರ ಎಣಿಸಿ, ನಾಲ್ಕರಿಂದ ಗುಣಿಸಿ. ಎರಡು ಸಂಖ್ಯೆ ಹತ್ತಿರ ಬಂದರೆ ಸಂಶಯ ಗಟ್ಟಿ. ಆಮೇಲೆ ತಟ್ಟನೆ ನಿಂತು, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ, ಅದನ್ನೂ ನಾಲ್ಕರಿಂದ ಗುಣಿಸಿ. ಇದು ನಿಂತ ಕೂಡಲೇ ಆಗಬೇಕು, ತಡವಾದರೆ ಬಡಿತ ಇಳಿದಿರ್ತದೆ. ಬೆರಳಿಗೆ 136 ಸಿಕ್ಕಿ ವಾಚಿನಲ್ಲಿ 170 ಇದ್ದರೆ ತಪ್ಪು ವಾಚಿನದ್ದು, ನಿಮ್ಮ ಹೃದಯದ್ದಲ್ಲ.
ವಾಚನ್ನು ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಜಾರದ ಹಾಗೆ ಬಿಗಿ ಮಾಡಿ, ಓಟ ಶುರುವಾಗುವ ಐದು ನಿಮಿಷ ಮೊದಲೇ ಕಟ್ಟಿ ನೋಡಿ. ಎಷ್ಟೋ ಮಂದಿಗೆ ಇಷ್ಟರಲ್ಲೇ ಓಟದ ಸಮಸ್ಯೆ ಅರ್ಧ ಕಡಿಮೆ ಆಗ್ತದೆ. ಸೈಕಲ್ಲಿಗೆ ಆಗುವುದಿಲ್ಲ: ಹ್ಯಾಂಡಲ್ ಹಿಡಿದ ಮಣಿಕಟ್ಟು ಬಗ್ಗಿರ್ತದೆ, ರಸ್ತೆಯ ನಡುಕ ಪೂರ್ತಿ ಅಲ್ಲಿಗೇ ಬರ್ತದೆ.

ಉಡುಪಿ ಶಟಲ್:
ಶಟಲ್ಲಿಗೆ ಮಣಿಕಟ್ಟಿನ ವಾಚ್ ಬೇಡವೇ ಬೇಡ. ರ‍್ಯಾಕೆಟ್ ಹಿಡಿದ ಕೈಯಲ್ಲಂತೂ ಹಿಡಿತ ಬಿಗಿಯಾದಾಗಲೆಲ್ಲ ಸ್ನಾಯು ಉಬ್ಬಿ ವಾಚಿನ ಅಡಿಯಲ್ಲಿ ಸಂದು ಬೀಳ್ತದೆ, ಹೊರಗಿನ ಬೆಳಕು ಒಳಗೆ ಹೋಗ್ತದೆ. ಮೇಲಿಂದ ಈ ವಾಚುಗಳು ಹಲವು ಸೆಕೆಂಡಿನ ಸರಾಸರಿ ತೋರಿಸುವುದು. ಹತ್ತು ಸೆಕೆಂಡಿನ ರ‍್ಯಾಲಿ ಮುಗಿದು ನೀವು ಶಟಲ್ ಹೆಕ್ಕುವಾಗ ಅದರ ಸಂಖ್ಯೆ ಏರಲು ಶುರು.
ಚೆಸ್ಟ್ ಸ್ಟ್ರಾಪ್ ಅಳೆಯುವುದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಸಂಕೇತವನ್ನು, ಇ.ಸಿ.ಜಿ.ಯ ತತ್ವವೇ. ಪಟ್ಟಿಯ ಒಳಬದಿಯಲ್ಲಿ ಚರ್ಮಕ್ಕೆ ತಾಗಿ ಆ ಸಂಕೇತ ಹಿಡಿಯುವ ಎರಡು ಇಲೆಕ್ಟ್ರೋಡ್, ಎದುರು ಬದಿಯ ಎರಡು ಲೋಹದ ಗುಂಡಿಗಳಿಗೆ ಸಿಕ್ಕಿಸುವ ಪಾಡ್, ಅಂದರೆ ಸೆನ್ಸರಿನ ಪುಟ್ಟ ಡಬ್ಬಿ. ಬಡಿತ ಏರಿದ್ದು ಒಂದೆರಡು ಸೆಕೆಂಡಿನಲ್ಲೇ ಕಾಣ್ತದೆ. ಇಂಟರ್ವಲ್ (ಒಮ್ಮೆ ಜೋರು, ಒಮ್ಮೆ ನಿಧಾನ ಓಡುವುದು), ಶಟಲ್, ಕಬಡ್ಡಿ ಮಾಡುವವರಿಗೆ ನನ್ನ ಉತ್ತರ ಇದೊಂದೇ. ಪೋಲಾರ್ ಎಚ್10 ಚೆನ್ನಾಗಿ ಪರೀಕ್ಷೆಗೊಳಗಾದ ಮಾದರಿ. ಒಂದೇ ಹೊತ್ತಿಗೆ ಎರಡು ಬ್ಲೂಟೂತ್ ಸಂಪರ್ಕ, ಜೊತೆಗೆ ಆಂಟ್ ಪ್ಲಸ್ (ಕ್ರೀಡಾ ಸಾಧನಗಳ ಇನ್ನೊಂದು ನಿಸ್ತಂತು ಸಂಪರ್ಕ), ಪಾಡ್ ಒಳಗೇ ಒಂದು ಸೆಶನ್ ಉಳಿಸುವಷ್ಟು ಮೆಮೊರಿ ಉಂಟು. ಮೆಮೊರಿ ಬೇಡದಿದ್ದರೆ ಎಚ್9 ಸಾಕು. ಕೂಸ್ಪೋ, ಮಜೀನ್ ಕಂಪನಿಯವು ಇನ್ನೂ ಅಗ್ಗ. ಓಟದ ಸರಾಸರಿ ನೋಡಲಿಕ್ಕೆ ಅವೂ ಧಾರಾಳ ಸಾಕು. ಪಟ್ಟಿಯ ಬಟ್ಟೆ, ಹೊಲಿಗೆಯಲ್ಲಿ ವ್ಯತ್ಯಾಸ ಗೊತ್ತಾಗ್ತದೆ.
ಕಟ್ಟುವ ಕ್ರಮ: ಎರಡೂ ಇಲೆಕ್ಟ್ರೋಡ್‌ಗೆ ನೀರು ಹಚ್ಚಿ, ಪಟ್ಟಿ ಎದೆಯ ಸ್ನಾಯುವಿನ ಕೆಳಗೆ, ಪಾಡ್ ಸರಿಯಾಗಿ ಎದೆಮೂಳೆಯ ಮೇಲೆ. ದೀರ್ಘ ಉಸಿರೆಳೆದರೆ ಕಷ್ಟ ಆಗಬಾರದು, ನೆಗೆದರೆ ಕೆಳಗೆ ಜಾರಬಾರದು. ಹೆಂಗಸರು ಒಳಉಡುಪಿನ ಪಟ್ಟಿಯ ಕೆಳಗೆ ಕಟ್ಟಬೇಕು, ಕರಿಮಣಿ ಅದರ ಅಡಿಗೆ ಸಿಕ್ಕಬಾರದು. ಇಲೆಕ್ಟ್ರೋಡ್ ಚರ್ಮದಿಂದ ಸ್ವಲ್ಪ ಎದ್ದರೂ ಸಾಕು, ಬಡಿತ ಮಾಯ ಆಗ್ತದೆ ಇಲ್ಲವೇ ಒಮ್ಮೆಗೇ 210ಕ್ಕೆ ಹಾರ್ತದೆ. ಎ.ಸಿ. ಜಿಮ್ಮಿನಲ್ಲಿ ಮೊದಲ ಹತ್ತು ನಿಮಿಷ ಹೀಗಾದರೆ ಕಾರಣ ಒಣ ಚರ್ಮ, ಪಾಲಿಯೆಸ್ಟರ್ ಅಂಗಿಯ ಸ್ಥಿರವಿದ್ಯುತ್. ಹೊರಗೆ ನಮ್ಮ ಸೆಕೆಯಲ್ಲಿ ಎರಡೇ ನಿಮಿಷದಲ್ಲಿ ಬೆವರು ಬಂದು ತಾನಾಗಿಯೇ ಸರಿಯಾಗ್ತದೆ.

ಎಂಡ್‌ಪಾಯಿಂಟ್ ಸೈಕಲ್:
ಶಟಲ್ಲಿಗೆ ಒಪ್ಪಿದೆ. ಆದರೆ ಆರ್ಮ್‌ಬ್ಯಾಂಡನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ ಮಾರಾಯ್ರೆ. ಸೆಕೆಗೆ ಎದೆಯ ಪಟ್ಟಿಯ ಅಡಿಯಲ್ಲಿ ಚರ್ಮ ಉಜ್ಜಿ ಹುಣ್ಣಾಗುವವರು ನಮ್ಮ ಕಡೆ ತುಂಬ. ಪೋಲಾರ್ ವೆರಿಟಿ ಸೆನ್ಸ್ ತರಹದ್ದನ್ನು ಮೊಣಕೈ ಕೆಳಗೆ ಅಥವಾ ಮೇಲ್ದೋಳಿನ ಮಾಂಸದ ಜಾಗಕ್ಕೆ ಹಾಕಿದರೆ, ಅದೂ ಬೆಳಕಿನದ್ದೇ ಆದರೂ, ಅಲ್ಲಿ ಅಲುಗಾಟ ಕಡಿಮೆ, ರಕ್ತದ ಹರಿವು ಹೆಚ್ಚು. ಸಮವೇಗದ ಓಟಕ್ಕೆ, ಸೈಕಲ್ಲಿಗೆ ಚೆಸ್ಟ್ ಸ್ಟ್ರಾಪಿಗೆ ತೀರ ಹತ್ತಿರ ಬರ್ತದೆ. ಶಟಲ್ಲಿಗಾದರೆ ರ‍್ಯಾಕೆಟ್ ಹಿಡಿಯದ ಕೈಗೆ ಹಾಕಬೇಕು.
ಈಜುವವರಿಗೂ ಇದೇ ಅನುಕೂಲ, ಕನ್ನಡಕದ ಪಟ್ಟಿಗೆ ಸಿಕ್ಕಿಸಿ ಕೆನ್ನೆಪೊಟ್ಟಿನ ಮೇಲೆ ಇಡಬಹುದು. ಬ್ಲೂಟೂತ್ ನೀರಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲವಾದ್ದರಿಂದ ಮೆಮೊರಿ ಇರುವ ಸಾಧನವೇ ಆಗಬೇಕು. ಮಲ್ಪೆ ಕಡಲಿಗೆ ಚೆಸ್ಟ್ ಸ್ಟ್ರಾಪ್ ಕಟ್ಟಿ ಇಳಿಯುವುದು ದಂಡ: ಉಪ್ಪುನೀರು ಎರಡು ಇಲೆಕ್ಟ್ರೋಡಿನ ನಡುವೆ ವಿದ್ಯುತ್ ಹರಿಸಿ ಸಂಕೇತವನ್ನೇ ನುಂಗಿಬಿಡ್ತದೆ.
ಇನ್ನೊಂದು ಮುಖ್ಯ ಸಂಗತಿ. ಅಗ್ಗದ ಸ್ಮಾರ್ಟ್‌ವಾಚುಗಳಲ್ಲಿ ಹೊರಗಿನ ಸೆನ್ಸರ್ ಜೋಡಿಸುವ ಸೌಕರ್ಯವೇ ಇರುವುದಿಲ್ಲ. ಸೆಟ್ಟಿಂಗಿನಲ್ಲಿ ಅದು ಕಾಣದಿದ್ದರೆ ಫೋನ್ ಜೇಬಿನಲ್ಲಿಟ್ಟು ಆ್ಯಪ್‌ನಲ್ಲಿ ದಾಖಲಿಸಬೇಕಾಗ್ತದೆ. ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಪೇರ್ ಮಾಡಬೇಡಿ, ಆ್ಯಪ್ ಒಳಗಿನಿಂದಲೇ ಮಾಡಿ. ಪಟ್ಟಿ ನೆನೆದು ಮೈಮೇಲೆ ಇದ್ದರೆ ಮಾತ್ರ ಪಾಡ್ ಎಚ್ಚರ ಆಗುವುದು, ಮೇಜಿನ ಮೇಲಿಟ್ಟು ಹುಡುಕಿದರೆ ಸಿಗುವುದಿಲ್ಲ. ಒಂದೇ ಬ್ಲೂಟೂತ್ ಸಂಪರ್ಕದ ಸ್ಟ್ರಾಪಾದರೆ ಫೋನು ಹಿಡಿದುಕೊಂಡಿರುವಷ್ಟು ಹೊತ್ತು ವಾಚಿಗೆ ಸಿಕ್ಕುವುದಿಲ್ಲ. ‘ಹೊಸ ಸ್ಟ್ರಾಪ್ ಹಾಳು’ ಅಂತ ವಾಪಸು ಕಳಿಸುವವರು ಮೊದಲು ಇದನ್ನು ನೋಡಬೇಕು.

ಕುಳೂರು ಕಡೆಯವ:
ಹೆಜ್ಜೆ ಎಣಿಸಿದೆ. ಎರಡೂ ಹೆಚ್ಚುಕಮ್ಮಿ ಒಂದೇ, ಬೆರಳಿಗೆ 140. ಹಾಗಾದರೆ ಚೆಸ್ಟ್ ಸ್ಟ್ರಾಪೇ. ಇನ್ನು 220ರಿಂದ ಪ್ರಾಯ ಕಳೆದು ಗರಿಷ್ಠ ಬಡಿತ 174 ಅಂತ ಇಟ್ಟುಕೊಂಡು ಝೋನ್, ಅಂದರೆ ಯಾವ ಓಟಕ್ಕೆ ಬಡಿತ ಎಷ್ಟರಿಂದ ಎಷ್ಟರೊಳಗೆ ಇರಬೇಕು ಎಂಬ ಮಿತಿ, ಹಾಕಬಹುದಾ? ಅತ್ತಿಗೆಯ ವಿಷಯ?

ಫಿಸಿಯೋ, ಕದ್ರಿ:
ಆ ಸೂತ್ರ ಜನಸಮೂಹದ ಸರಾಸರಿಗೆ ಸರಿ, ಒಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. 2001ರಲ್ಲಿ ಬಂದ ತನಾಕಾ ಸೂತ್ರ, ಅಂದರೆ 208ರಿಂದ ಪ್ರಾಯದ 0.7 ಪಟ್ಟು ಕಳೆಯುವುದು, ನಿಮಗೆ 176 ಕೊಡ್ತದೆ. ಅದೂ ಅಂದಾಜೇ. ನಿಮ್ಮ ನಿಜವಾದ ಗರಿಷ್ಠ 182 ಅಂತಿಟ್ಟುಕೊಳ್ಳಿ. ವಿಶ್ರಾಂತಿಯ 62 ಕಳೆದರೆ 120 ಉಳೀತು. ಅದರ ಶೇ. 60ರಿಂದ 70ಕ್ಕೆ ಮತ್ತೆ 62 ಕೂಡಿಸಿದರೆ ಸುಲಭ ಓಟದ ಮಿತಿ 134ರಿಂದ 146. ಗರಿಷ್ಠ 174 ಅಂತ ಹಿಡಿದರೆ ಅದೇ ಮಿತಿ 129ರಿಂದ 140ಕ್ಕೆ ಇಳೀತದೆ. ಸಾಧನ ಎಷ್ಟು ನಿಖರವಾದರೂ ಝೋನ್ ತಪ್ಪಿದರೆ ಉಪಯೋಗ ಇಲ್ಲ.
ಗರಿಷ್ಠ ತಿಳಿಯಲು: 15 ನಿಮಿಷ ಮೈ ಬಿಸಿ ಮಾಡಿ, ಬಾವುಟಗುಡ್ಡೆಯಂಥ ಏರಿನಲ್ಲಿ ವಾಹನ ಕಡಿಮೆ ಇರುವ ಹೊತ್ತು ನೋಡಿ, ಎರಡರಿಂದ ಮೂರು ನಿಮಿಷದ ಓಟ ಮೂರು ಸಲ, ಕೊನೆಯದ್ದು ಪೂರ್ತಿ ಶಕ್ತಿ ಹಾಕಿ. ನಡುವೆ ನಿಧಾನ ಇಳಿಯುವುದು. ಕೊನೆಗೆ ಕಂಡ ಅತಿ ದೊಡ್ಡ ಸಂಖ್ಯೆ ಸಾಕಷ್ಟು ನಂಬಬಹುದಾದ್ದು. 46ರ ಪ್ರಾಯದಲ್ಲಿ ಇದನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ., ಎದೆನೋವಿನ ಹಿನ್ನೆಲೆ ಇದ್ದರೆ ಮನೆಯ ಹತ್ತಿರ ಏರು ಉಂಟು ಅಂತ ಸುಮ್ಮನೆ ಹೊರಡಲೇಬೇಡಿ.
ಏಪ್ರಿಲ್, ಮೇ ತಿಂಗಳಲ್ಲಿ ಅದೇ ವೇಗಕ್ಕೆ ಹತ್ತು ಬಡಿತ ಹೆಚ್ಚು ಕಂಡರೆ ಸ್ಟ್ರಾಪನ್ನು ದೂರಬೇಡಿ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹೋಗ್ತದೆ, ಬೆವರಿನಲ್ಲಿ ನೀರೂ ಹೋಗ್ತದೆ. ಒಂದೊಂದು ಬಡಿತಕ್ಕೆ ಹೊರಡುವ ರಕ್ತ ಕಡಿಮೆಯಾಗಿ ಬಡಿತದ ಸಂಖ್ಯೆ ಏರ್ತದೆ. ಆಗ ವೇಗ ಬಿಟ್ಟುಕೊಡಬೇಕು, ಝೋನ್ ಅಲ್ಲ.
ಅತ್ತಿಗೆಗೆ ಈ ಲೆಕ್ಕ ಯಾವುದೂ ಸಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್ ಬಡಿತವನ್ನೇ ತಗ್ಗಿಸುವ ಔಷಧ; ಎಷ್ಟು ಬೇಗ ನಡೆದರೂ ಸೂತ್ರದ ಸಂಖ್ಯೆ ಮುಟ್ಟಲಿಕ್ಕಿಲ್ಲ, ಮುಟ್ಟಿಸಲು ಹೊರಡುವುದು ಅಪಾಯ. ಅವರಿಗೆ ಮಾತಿನ ಪರೀಕ್ಷೆ ಸಾಕು: ವಾಕ್ಯ ಪೂರ್ತಿ ಮಾಡಿ ಮಾತಾಡಬಹುದು, ಹಾಡಲಿಕ್ಕೆ ಆಗಬಾರದು. ವಾಕಿಂಗಿಗೆ ಮಣಿಕಟ್ಟಿನ ವಾಚ್ ಚೆನ್ನಾಗಿಯೇ ಕೆಲಸ ಮಾಡ್ತದೆ, ನಿಮ್ಮ ಹಳೆಯದನ್ನೇ ಕೊಡಿ. ಬಡಿತ ಲಯ ತಪ್ಪುವ ತೊಂದರೆ ಇದ್ದವರಿಗೆ ಇಂಥ ಯಾವ ಸಾಧನದ ಸಂಖ್ಯೆಯೂ ಭರವಸೆಯದ್ದಲ್ಲ. ಪೇಸ್‌ಮೇಕರ್ ಇದ್ದವರು ಕಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು.

ಉಡುಪಿ ಶಟಲ್:
ಬಾಳಿಕೆಯ ಪ್ರಶ್ನೆ ಬಾಕಿ ಉಳಿಯಿತು, ಕರಾವಳಿಯಲ್ಲಿ ಅದೇ ದೊಡ್ಡದು. ಬೆವರು ಸಂಕೇತಕ್ಕೆ ಒಳ್ಳೆಯದು, ಲೋಹಕ್ಕೆ ಕೇಡು. ಆಟ ಮುಗಿದ ಕೂಡಲೇ ಪಾಡ್ ಕಳಚಿ. ಒದ್ದೆ ಪಟ್ಟಿಗೆ ಹಾಗೇ ಸಿಕ್ಕಿಸಿಟ್ಟರೆ ಅದು ಇನ್ನೂ ಎದೆಯ ಮೇಲಿದ್ದೇನೆ ಅಂದುಕೊಂಡು ಬ್ಯಾಟರಿ ಖಾಲಿ ಮಾಡ್ತಾ ಇರ್ತದೆ, ಗುಂಡಿಗಳೂ ಹಸಿರುಗಟ್ಟುತ್ತವೆ. ಪಟ್ಟಿಯನ್ನು ಪ್ರತಿ ಸಲ ನಲ್ಲಿನೀರಿನಲ್ಲಿ ತೊಳೆಯಿರಿ, ವಾರಕ್ಕೊಮ್ಮೆ ಸ್ವಲ್ಪ ಸೌಮ್ಯ ಸೋಪು. ಬಟ್ಟೆ ಮೆದು ಮಾಡುವ ದ್ರವ ಹಾಕಬಾರದು, ಹಿಂಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಒಣಗುವುದಿಲ್ಲ, ಫ್ಯಾನಿನ ಅಡಿ ಹರಡಿ. ಒದ್ದೆಯಲ್ಲಿ ಬ್ಯಾಗಿನೊಳಗೆ ಬಿಟ್ಟರೆ ಬೂಷ್ಟು ಹಿಡೀತದೆ. ಮಳೆಗಾಲಕ್ಕೆ ಎರಡನೆಯ ಪಟ್ಟಿ ಇಟ್ಟುಕೊಳ್ಳಿ. ಹಾಳಾಗುವುದು ಮೊದಲು ಪಟ್ಟಿ, ಪಾಡ್ ಅಲ್ಲ. ಆದ್ದರಿಂದ ಪಟ್ಟಿ ಬಿಡಿಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ. ಬೇರೆ ಕಂಪನಿಯದ್ದಾದರೆ ಗುಂಡಿಗಳ ಅಂತರ ಸ್ಕೇಲಿನಲ್ಲಿ ಅಳೆದು ನೋಡಿ.
ಸಂಖ್ಯೆ ಆಗಾಗ ಬಿಟ್ಟುಹೋಗಲು ಶುರುವಾದರೆ ಮೊದಲು ಪಟ್ಟಿ ತೊಳೆದು ನೋಡಿ, ಆಮೇಲೆ ಬ್ಯಾಟರಿ. ಎಚ್10ಕ್ಕೆ ಬೇಕಾದ್ದು ಸಿಆರ್2025, ಕಂಪನಿ ಹೇಳುವ ಬಾಳಿಕೆ 400 ಗಂಟೆ. ಅಂಗಡಿಯಲ್ಲಿ ಸಿಆರ್2032 ಕೊಟ್ಟು ‘ಎರಡೂ ಒಂದೇ’ ಅಂದರೆ ತರಬೇಡಿ: ಅಗಲ ಎರಡಕ್ಕೂ 20 ಮಿ.ಮೀ., ದಪ್ಪ ಮಾತ್ರ 2.5 ಮತ್ತು 3.2. ಒತ್ತಿ ಕೂರಿಸಿದರೆ ಮುಚ್ಚಳ ಸರಿಯಾಗಿ ಕೂರದೆ ಬೆವರು ಒಳಗೆ ಇಳೀತದೆ. ಮುಚ್ಚಳದ ರಬ್ಬರ್ ರಿಂಗಿನಲ್ಲಿ ಬೀಚಿನ ಹೊಯ್ಗೆಯ ಒಂದು ಕಾಳು ಇದ್ದರೂ ಹಾಗೇ. ಒರಸಿ, ರಿಂಗ್ ತಿರುಚಿಲ್ಲವೆಂದು ನೋಡಿ ಮುಚ್ಚಿ.