ಬೆಕ್ಕಿಗೆ ವಿಪರೀತ ಜೊಲ್ಲು, ಮೈಮೇಲೆ ಎಗರುತ್ತದೆ. ರೇಬೀಸ್ ಇರಬಹುದಾ? ಅರ್ಜೆಂಟ್

ಬೂದುಬಾಲ: ನಿನ್ನೆಯಿಂದ ನಮ್ಮ ಗಂಡು ಬೆಕ್ಕಿನ ಬಾಯಿಂದ ಒಂದೇ ಸಮನೆ ಜೊಲ್ಲು. ಯಾವಾಗಲೂ ತೊಡೆ ಮೇಲೇ ಇರುತ್ತಿದ್ದದ್ದು ಈಗ ಮಂಚದ ಕೆಳಗಿಂದ ಈಚೆಗೆ ಬರುತ್ತಿಲ್ಲ. ಕೈ ಚಾಚಿದರೆ ಎಗರುತ್ತದೆ. ಕೂಗುವ ದನಿಯೂ ಬದಲಾಗಿದೆ. ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟುಹೋಗಿದೆ. ಏನು ಮಾಡಲಿ?

ತುಪ್ಪಳ: ಹಲ್ಲಿನ ತೊಂದರೆ. ವಸಡು ಬಾತರೆ ಹೀಗೇ ಆಗುವುದು. ಟಾರ್ಚ್ ಬಿಟ್ಟು ಬಾಯಿ ತೆರೆದು ನೋಡಿ.

ಮೂರುಬಣ್ಣ: ದಯವಿಟ್ಟು ಬಾಯಿಗೆ ಕೈ ಹಾಕಬೇಡಿ! ರೇಬೀಸ್ ಆಗಿದ್ದರೆ ವೈರಸ್ ಇರುವುದೇ ಆ ಜೊಲ್ಲಿನಲ್ಲಿ. ಲಸಿಕೆ ಆಗಿದೆಯಾ? ಹೊರಗೆ ತಿರುಗುತ್ತದಾ? ಯಾರಿಗಾದರೂ ಕಚ್ಚಿದೆಯಾ?

ತುಪ್ಪಳ: ಸುಮ್ನೆ ಹೆದರಿಸಬೇಡಿ. ಮುಂದೆ ನೀರಿಡಿ. ನೀರಿಗೆ ಹೆದರದಿದ್ದರೆ ರೇಬೀಸ್ ಅಲ್ಲ, ಹಲ್ಲೇ.

ಮೂರುಬಣ್ಣ: ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ಬೆಕ್ಕು ನೀರಿನ ಬಟ್ಟಲಿಗೆ ಮುಖ ಇಡಬಹುದು, ಆದರೆ ಗಂಟಲು ಸೋತು ನುಂಗಲು ಆಗುವುದಿಲ್ಲ. ಜೊಲ್ಲು ಸುರಿಯುವುದೂ ಅದಕ್ಕೇ.

ತುಪ್ಪಳ: ನುಂಗಲು ಆಗದಿರುವುದು ಹಲ್ಲು ನೋವಿಗೂ ಇರುತ್ತದೆ, ಅಲ್ವಾ?

ಜಾಲರಿಮನೆ: ನಾನು ಬಾಲ್ಕನಿಗೆ ಪೂರ್ತಿ ಜಾಲರಿ ಹಾಕಿಸಿದ್ದೇನೆ. ಗೋಡೆಯುದ್ದಕ್ಕೂ ಹತ್ತಿ ಕೂರಲು ಹಲಗೆ, ಕಿಟಕಿಗೆ ಎರಡು ಪದರ. ನಮ್ಮ ಬೆಕ್ಕುಗಳಿಗೆ ಈ ಚಿಂತೆಯೇ ಇಲ್ಲ. ಬೇಕಾದರೆ ಫೋಟೋ ಹಾಕುತ್ತೇನೆ.

ಬೂದುಬಾಲ: ಮರಿಯಾಗಿದ್ದಾಗ ಒಂದು ಲಸಿಕೆ ಆಗಿತ್ತು, ಆಮೇಲೆ ಇಲ್ಲ. ರಾತ್ರಿ ಹೊರಗೆ ಹೋಗುತ್ತದೆ. ಕೆಲವು ವಾರದ ಹಿಂದೆ ಯಾವುದೋ ಪ್ರಾಣಿ ಕಚ್ಚಿ ಬೆನ್ನಿನ ಮೇಲೆ ಗಾಯವಾಗಿತ್ತು, ಅದು ವಾಸಿಯಾಯಿತು. ಇವತ್ತು ಬೆಳಿಗ್ಗೆ ನನ್ನ ಹೆಬ್ಬೆರಳಿಗೆ ಕಚ್ಚಿತು, ಸ್ವಲ್ಪ ರಕ್ತ ಬಂತು. ಅದೇನೂ ದೊಡ್ಡದಲ್ಲ. ಬೆಕ್ಕಿಗೆ ಏನು ಔಷಧಿ ಕೊಡಲಿ?

ಮೂರುಬಣ್ಣ: ಬೆಕ್ಕು ಆಮೇಲೆ, ಮೊದಲು ನೀವು. ನಲ್ಲಿ ಬಿಟ್ಟು, ಸೋಪು ಹಚ್ಚಿ, ಗಾಯವನ್ನು 15 ನಿಮಿಷ ತೊಳೆಯಿರಿ. ತಕ್ಷಣ ಆಸ್ಪತ್ರೆಗೆ ಹೊರಡಿ. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಡಬೇಕಾಗುತ್ತದೆ. 10 ದಿನ ಬೆಕ್ಕನ್ನು ನೋಡಿಕೊಂಡು ಆಮೇಲೆ ಹೋಗೋಣ ಅನ್ನಬೇಡಿ. ಬೆಕ್ಕು 10 ದಿನ ಆರೋಗ್ಯವಾಗಿದ್ದರೆ ಉಳಿದ ಡೋಸ್ ನಿಲ್ಲಿಸಬಹುದಾ ಅಂತ ಡಾಕ್ಟರ್ ಹೇಳುತ್ತಾರೆ. ಶುರು ಮಾಡಲು ಕಾಯುವ ಹಾಗಿಲ್ಲ.

ಬೆನ್ನಿನ ಗಾಯ ಮಾಗಿದ್ದಕ್ಕೆ ಅರ್ಥವಿಲ್ಲ. ವೈರಸ್ ನರದ ಒಳಗೇ ಮಿದುಳಿನ ಕಡೆ ಸಾಗುತ್ತದೆ, ವಾರಗಳೋ ತಿಂಗಳುಗಳೋ ಹಿಡಿಯಬಹುದು. ಬೆಕ್ಕು ಹಿಂಗಾಲು ಎಳೆಯುತ್ತಿದೆಯಾ, ಕೆಳದವಡೆ ಜೋತುಬಿದ್ದಿದೆಯಾ ಅಂತ ದೂರದಿಂದಲೇ ನೋಡಿ. ಕೋಣೆಯ ಬಾಗಿಲು ಹಾಕಿ, ನೀವೇ ಹಿಡಿಯಲು ಹೋಗಬೇಡಿ.

ತುಪ್ಪಳ: ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ನನಗಂತೂ ಹಲ್ಲಿನ ಮೇಲೇ ಅನುಮಾನ.

ಮೂರುಬಣ್ಣ: ಬದುಕಿರುವ ಬೆಕ್ಕಿನಲ್ಲಿ ಖಚಿತಪಡಿಸುವ ರಕ್ತ ಪರೀಕ್ಷೆ ಇಲ್ಲ. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಬೇಕು. ಹಲ್ಲೂ ಇರಬಹುದು. ನಾಯಿಗೆ ಹಾಕುವ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಉಣ್ಣಿ ಹುಳದ ಔಷಧಿ ತಗುಲಿದರೂ ಜೊಲ್ಲು, ನಡುಕ ಬರುತ್ತದೆ. ಅದನ್ನು ವೆಟ್ (ಪಶುವೈದ್ಯರು) ನೋಡಿ ಹೇಳಲಿ. ರೇಬೀಸ್ ಅನುಮಾನ ಇದೆ ಅಂತ ಮೊದಲೇ ಫೋನ್ ಮಾಡಿ ತಿಳಿಸಿ.

ಬೂದುಬಾಲ: ಇಂಜೆಕ್ಷನ್ ಆಯಿತು, ಬೆರಳಿಗೂ ಹಾಕಿದರು. ವೆಟ್ ಕಡೆಯವರು ಬಂದು ಬೆಕ್ಕನ್ನು ತೆಗೆದುಕೊಂಡು ಹೋಗಿ ಬೇರೆ ಇಟ್ಟಿದ್ದಾರೆ. ನಡೆಯುವಾಗ ವಾಲುತ್ತಿದೆಯಂತೆ. ಮನೆಯಲ್ಲಿ ಇನ್ನೊಂದು ಹೆಣ್ಣು ಬೆಕ್ಕಿದೆ, ಎರಡೂ ಒಟ್ಟಿಗೇ ಮಲಗುತ್ತಿದ್ದವು.

ಮೂರುಬಣ್ಣ: ಅದನ್ನೂ ಈಗಲೇ ಬೇರೆ ಇಡಿ, ವೆಟ್‌ಗೆ ಹೇಳಿ. ಅದಕ್ಕೆ ಲಸಿಕೆ ಆಗಿದೆಯಾ?

ಜಾಲರಿಮನೆ: ಹೊರಗೇ ಹೋಗದ ಬೆಕ್ಕಿಗೂ ಲಸಿಕೆ ಬೇಕಾ?

ಮೂರುಬಣ್ಣ: ಬೇಕು. ಬಾಗಿಲು ಒಂದು ಸಲ ತೆರೆದಿದ್ದರೆ ಸಾಕು. ಬೂದುಬಾಲ ಅವರೇ, ಆ ಹೆಣ್ಣು ಬೆಕ್ಕಿನ ಲಸಿಕೆ ಕಾರ್ಡ್‌ನಲ್ಲಿ ಯಾವ ದಿನಾಂಕ ಇದೆ?